16-0 ಅಂದರೆ ಗೋಲಿನ ಲೆಕ್ಕ ಅಲ್ಲ: ಅಮೆರಿಕದ ಒಂದು ಕಾಲೇಜು ತಂಡದ ಸೀಸನ್ ಕಥೆ

2026ರ ಜನವರಿ 20, ಮಂಗಳವಾರ. ಗೋಣಿಕೊಪ್ಪದ ಹತ್ತಿರ ನಮ್ಮ ದೊಡ್ಡಪ್ಪನ ತೋಟದಲ್ಲಿ ರೊಬಸ್ಟಾ ಕಾಫಿ ಕೊಯ್ಲು ಜೋರಾಗಿ ನಡೆಯುತ್ತಿತ್ತು. ಬೆಳಗ್ಗೆ ಹತ್ತು ಗಂಟೆ ಆಗುತ್ತಾ ಬಂದಿತ್ತು. ಕಣದಲ್ಲಿ ಹಣ್ಣು ಹರಡಿಸುತ್ತಾ ನಿಂತಿದ್ದ ದೊಡ್ಡಪ್ಪನ ಫೋನ್ ಟಿಂಗ್ ಅಂದಿತು. ಮೊಮ್ಮಗಳ ಮೆಸೇಜು. ಅವಳು ಅಮೆರಿಕದ ಬ್ಲೂಮಿಂಗ್ಟನ್ ಅನ್ನೋ ಊರಲ್ಲಿ, ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಮೆಸೇಜಲ್ಲಿ ಇದ್ದದ್ದು ಇಷ್ಟೇ: "16-0! ತಾತಾ, ನಾವು ಚಾಂಪಿಯನ್!"

ದೊಡ್ಡಪ್ಪ ಹಳೇ ಹಾಕಿ ಆಟಗಾರರು. ಕನ್ನಡಕ ಏರಿಸಿ ಎರಡು ಸಲ ಓದಿದರು. "ಹದಿನಾರು ಗೋಲಾ? ಎದುರು ತಂಡದಲ್ಲಿ ಗೋಲ್‌ಕೀಪರ್ ಇರಲಿಲ್ವಾ?" ಎಂದರು.

ನಗು ಬಂತು. ಅವಳು ಹೇಳಿದ್ದು ಅವಳ ಕಾಲೇಜಿನ ಫುಟ್‌ಬಾಲ್ ತಂಡದ ಬಗ್ಗೆ. ಆದರೂ ಪ್ರಶ್ನೆ ತಪ್ಪಲ್ಲ. ಮಕ್ಕಳು ಅಲ್ಲಿಗೆ ಓದಲು ಹೋದ ಮನೆಗಳಿಗೆಲ್ಲ ಹೀಗೇ ಫೋಟೊಗಳು, ಅಂಕಿಗಳು ಬಂದು ಬೀಳುತ್ತವೆ. ಕೆಂಪು ಟೀ ಶರ್ಟ್ ಹಾಕಿದ ಸಾವಿರಾರು ಜನ, ಬ್ಯಾಂಡು, ಕೂಗಾಟ. ಏನು ನಡೀತಿದೆ ಅಂತ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಅವತ್ತು ದೊಡ್ಡಪ್ಪನಿಗೆ ಬಿಡಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆ 16 ಎಲ್ಲಿಂದ ಬಂತು ಅಂತ ಗೊತ್ತಾದರೆ ಇಡೀ ಸೀಸನ್ ಅರ್ಥವಾದ ಹಾಗೆ.

ಹೆಸರು ಫುಟ್‌ಬಾಲ್, ಆಟ ಬೇರೆ

ಸುಂಟಿಕೊಪ್ಪದ ಮೈದಾನದಲ್ಲಿ ನಾವು ನೋಡುವ ಫುಟ್‌ಬಾಲನ್ನು ಅಮೆರಿಕದವರು ಸಾಕರ್ ಅನ್ನುತ್ತಾರೆ. ಅವರ ಫುಟ್‌ಬಾಲ್‌ನಲ್ಲಿ ಚೆಂಡು ಉದ್ದಕ್ಕಿದೆ, ಎರಡು ತುದಿಯೂ ಚೂಪು. ಹೆಚ್ಚಿನ ಹೊತ್ತು ಅದು ಕೈಯಲ್ಲೇ ಇರುತ್ತದೆ. ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಒದೆಯುವುದು ಅಪರೂಪ. ಎದುರಾಳಿಯನ್ನು ಕೆಡವಿ ಬೀಳಿಸುವುದು ಆಟದ ಭಾಗ. ಅದಕ್ಕೇ ಆ ಹೆಲ್ಮೆಟ್ಟು, ಭುಜದ ಪ್ಯಾಡು.

ಮೈದಾನದ ಅಂದಾಜು ಕೊಡಗಿನವರಿಗೆ ಸುಲಭ. ಒಂದು ಗೋಲ್ ಗೆರೆಯಿಂದ ಇನ್ನೊಂದಕ್ಕೆ 100 ಗಜ, ಅಂದರೆ 91.4 ಮೀಟರ್. ಹಾಕಿ ಮೈದಾನದ ಉದ್ದ ಎಷ್ಟೋ ಅಷ್ಟೇ. ಆಚೆ ಈಚೆ ಹತ್ತು ಹತ್ತು ಗಜದ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಎಂಡ್ ಝೋನ್ ಅನ್ನುತ್ತಾರೆ. ಒಂದು ಕಡೆಗೆ 11 ಜನ, ಅದೂ ಹಾಕಿಯ ಹಾಗೆಯೇ. ಆದರೆ ಚೆಂಡು ನಮ್ಮ ಕೈಲಿದ್ದಾಗ ಆಡುವ ಹನ್ನೊಂದು ಜನ ಬೇರೆ, ಎದುರಾಳಿಯನ್ನು ತಡೆಯುವ ಹನ್ನೊಂದು ಜನ ಬೇರೆ. ಒದೆಯೋದಕ್ಕೇ ಅಂತ ಮತ್ತೊಂದು ಗುಂಪು. ಹೀಗಾಗಿ ಒಂದು ಕಾಲೇಜು ತಂಡದಲ್ಲಿ ನೂರರ ಹತ್ತಿರ ಹುಡುಗರು ಇರುತ್ತಾರೆ.

ಚೆಂಡನ್ನು ಎದುರಾಳಿಯ ಎಂಡ್ ಝೋನ್‌ಗೆ ಮುಟ್ಟಿಸಿದರೆ ಟಚ್‌ಡೌನ್, 6 ಅಂಕ. ಆಮೇಲೆ ಒಂದು ಸಲ ಒದ್ದು ಕಂಬಗಳ ನಡುವೆ ದಾಟಿಸಿದರೆ ಇನ್ನೊಂದು ಅಂಕ. ಅಲ್ಲಿಯ ತನಕ ಹೋಗುವುದು ಕಷ್ಟ ಅನ್ನಿಸಿದರೆ, ಇದ್ದಲ್ಲಿಂದಲೇ ಕಂಬಗಳ ನಡುವೆ ಒದ್ದು 3 ಅಂಕ ತೆಗೆದುಕೊಳ್ಳಬಹುದು. ಇದಕ್ಕೆ ಫೀಲ್ಡ್ ಗೋಲ್ ಅಂತ ಹೆಸರು.

ಇನ್ನು ಒಂದೇ ಒಂದು ಪದ ನೆನಪಿಟ್ಟುಕೊಳ್ಳಿ: ಡೌನ್. ಚೆಂಡು ಸಿಕ್ಕ ತಂಡಕ್ಕೆ ನಾಲ್ಕು ಪ್ರಯತ್ನ. ಒಂದೊಂದು ಪ್ರಯತ್ನವೂ ಒಂದು ಡೌನ್. ನಾಲ್ಕರ ಒಳಗೆ 10 ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಸಿಗುತ್ತವೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ಕಬಡ್ಡಿಯಲ್ಲಿ ಒಂದು ರೈಡ್ ಮುಗಿದ ಮೇಲೆ ಎಲ್ಲರೂ ಮತ್ತೆ ತಮ್ಮ ಜಾಗಕ್ಕೆ ಬರುತ್ತಾರಲ್ಲ, ಇಲ್ಲೂ ಹಾಗೆ. ಒಂದು ಡೌನ್ ಆದ ಮೇಲೆ ಆಟ ನಿಂತು, ಹೊಸದಾಗಿ ಸಾಲು ಕಟ್ಟಿ ಶುರುವಾಗುತ್ತದೆ. ಗಡಿಯಾರದ ಲೆಕ್ಕದಲ್ಲಿ ಆಟ 60 ನಿಮಿಷ. ನಿಂತು ನಿಂತು ಮುಗಿಯುವ ಹೊತ್ತಿಗೆ ಮೂರೂವರೆ ಗಂಟೆ.

16 ಬಂದದ್ದು ಎಲ್ಲಿಂದ

ಅಲ್ಲಿ ಒಂದು ತಂಡದ ಇಡೀ ವರ್ಷವನ್ನು ಎರಡು ಅಂಕಿಯಲ್ಲಿ ಹೇಳಿ ಮುಗಿಸುತ್ತಾರೆ. ಮೊದಲನೆಯದು ಗೆದ್ದ ಪಂದ್ಯ, ಎರಡನೆಯದು ಸೋತದ್ದು. ಡ್ರಾ ಅನ್ನುವುದು ಇಲ್ಲ. 1996ರಿಂದ ಸಮ ಆದರೆ ಹೆಚ್ಚುವರಿ ಆಟ ಆಡಿಸಿ ಗೆದ್ದವರು ಯಾರು ಅಂತ ತೀರ್ಮಾನ ಮಾಡುತ್ತಾರೆ. ಹಾಗಾಗಿ 16-0 ಅಂದರೆ ಹದಿನಾರು ಪಂದ್ಯ ಆಡಿ ಹದಿನಾರೂ ಗೆದ್ದರು ಅಂತ.

ಆ ಹದಿನಾರು ಹೀಗೆ: ಮಾಮೂಲಿ ಪಂದ್ಯ 12, ತಮ್ಮ ಗುಂಪಿನ ಫೈನಲ್ 1, ದೇಶದ ಚಾಂಪಿಯನ್ ಯಾರು ಅಂತ ನೋಡುವ ಪ್ಲೇಆಫ್‌ನಲ್ಲಿ 3. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಇದಕ್ಕೆ ಮೊದಲು 16-0 ಮಾಡಿದ ತಂಡ ಯೇಲ್. ಅದು 1894ರಲ್ಲಿ.

ಮೊದಲ 12: ಶನಿವಾರಕ್ಕೊಂದು ಪಂದ್ಯ

ನಮ್ಮಲ್ಲಿ ಕಾಲೇಜು ತಂಡ ಅಂದರೆ ಅಂತರ ಕಾಲೇಜು ಟೂರ್ನಿ. ಎರಡು ಮೂರು ದಿನ, ಒಂದೇ ಮೈದಾನ. ಸೋತರೆ ಸಂಜೆ ಬಸ್ಸಿಗೆ ವಾಪಸ್. ನೋಡಲು ಬರುವವರು ಪಿಟಿ ಮಾಸ್ಟರು, ಒಂದಷ್ಟು ಗೆಳೆಯರು. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ಊರಿಗೇ ಹಬ್ಬ. ಇಂಡಿಯಾನಾದ ಗುಂಪಿನಲ್ಲೇ ಇರುವ ಮಿಶಿಗನ್ ವಿಶ್ವವಿದ್ಯಾಲಯದ ಮೈದಾನದಲ್ಲಿ 1 ಲಕ್ಷ 7 ಸಾವಿರ ಜನ ಕೂರಬಹುದು. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ ಸುಮಾರು 5 ಲಕ್ಷ 54 ಸಾವಿರ. ಐದರಲ್ಲಿ ಒಬ್ಬರು ಒಂದೇ ಕಡೆ ಬಂದು ಕೂತ ಹಾಗೆ.

ನಮಗೆ ಹೋಲಿಕೆಗೆ ಹತ್ತಿರದ್ದು ಕೊಡವ ಹಾಕಿ ನಮ್ಮೆಯೇ, ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಶುರು ಮಾಡಿದಾಗ ಬಂದದ್ದು 60 ಕುಟುಂಬದ ತಂಡಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360, 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಇಷ್ಟು ತಂಡಗಳನ್ನು ಸುಮಾರು ಒಂದು ತಿಂಗಳಲ್ಲಿ ಆಡಿಸಿ ಮುಗಿಸಲು ಆಗುವುದು ಸೋತವರು ಮನೆಗೆ ಅನ್ನುವ ನಿಯಮದಿಂದ.

ಅಮೆರಿಕದ ಮೇಲಿನ ದರ್ಜೆಯಲ್ಲಿ 2025ರಲ್ಲಿ 136 ಕಾಲೇಜು ತಂಡಗಳಿದ್ದವು. ಅವರು ಯಾಕೆ ನಮ್ಮ ಹಾಗೆ ನಾಕೌಟ್ ಆಡಿಸುವುದಿಲ್ಲ? ಕಾರಣ ಮೈ. ಇಷ್ಟು ಗುದ್ದಾಟದ ಆಟವನ್ನು ವಾರಕ್ಕೆ ಒಂದಕ್ಕಿಂತ ಜಾಸ್ತಿ ಆಡಲು ಆಗುವುದಿಲ್ಲ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ, ಹೆಚ್ಚಾಗಿ ಶನಿವಾರಗಳಲ್ಲಿ, ಒಂದು ತಂಡಕ್ಕೆ 12 ಪಂದ್ಯ. ನಡುವೆ ಒಂದೆರಡು ವಾರ ರಜೆ. ಅಷ್ಟೇ. ಹನ್ನೆರಡೇ ಪಂದ್ಯ ಇರುವುದರಿಂದ ಒಂದು ಸೋಲು ಕೂಡ ದುಬಾರಿ.

ಯಾರ ಜೊತೆ ಆಡಬೇಕು ಅನ್ನುವುದನ್ನು ಮುಖ್ಯವಾಗಿ ನಿರ್ಧರಿಸುವುದು ಕಾನ್ಫರೆನ್ಸ್. ಅಂದರೆ ಕಾಲೇಜುಗಳ ಒಂದು ಕೂಟ. ಇಂಡಿಯಾನಾ ಇರುವ ಕೂಟದ ಹೆಸರು ಬಿಗ್ ಟೆನ್, ಶುರುವಾದದ್ದು 1896ರಲ್ಲಿ. ಹೆಸರಲ್ಲಿ ಹತ್ತು ಇದ್ದರೂ ಈಗ ಅದರಲ್ಲಿರುವ ಕಾಲೇಜುಗಳು 18. ಯಾಕೆ ಅಂತ ಕೇಳಬೇಡಿ, ಹೆಸರಿಗೆ ಬೆಲೆ ಬಂದ ಮೇಲೆ ಬದಲಿಸಲು ಯಾರಿಗೂ ಮನಸ್ಸಾಗಿಲ್ಲ. ಹನ್ನೆರಡರಲ್ಲಿ 9 ಪಂದ್ಯ ಈ ಕೂಟದೊಳಗೆ. ಉಳಿದ 3 ಪಂದ್ಯಕ್ಕೆ ಎದುರಾಳಿಯನ್ನು ಕಾಲೇಜೇ ಹುಡುಕಿಕೊಳ್ಳುತ್ತದೆ. ದೊಡ್ಡ ಕಾಲೇಜುಗಳು ಎಷ್ಟೋ ಸಲ ಚಿಕ್ಕ ಕಾಲೇಜಿನ ತಂಡಕ್ಕೆ ದುಡ್ಡು ಕೊಟ್ಟು ತಮ್ಮ ಮೈದಾನಕ್ಕೆ ಕರೆಸಿ ಆಡುತ್ತವೆ. ಗೆಲುವು ಇವರಿಗೆ, ದುಡ್ಡು ಅವರಿಗೆ. 2025ರ ಸೆಪ್ಟೆಂಬರ್‌ನಲ್ಲಿ ಇಂಡಿಯಾನಾ ತನ್ನದೇ ರಾಜ್ಯದ ಇಂಡಿಯಾನಾ ಸ್ಟೇಟ್ ತಂಡವನ್ನು 73-0 ಅಂತರದಲ್ಲಿ ಸೋಲಿಸಿತು. ದೊಡ್ಡಪ್ಪನ ಗೋಲ್‌ಕೀಪರ್ ಪ್ರಶ್ನೆ ಸರಿಯಾಗಿ ಹೊಂದುತ್ತಿದ್ದದ್ದು ಈ ಪಂದ್ಯಕ್ಕೆ.

ಅಸಲಿ ಪರೀಕ್ಷೆ ಕೂಟದೊಳಗೆ. ಅಕ್ಟೋಬರ್‌ನಲ್ಲಿ ಆರೆಗನ್ ತಂಡವನ್ನು ಅದರ ಮನೆ ಮೈದಾನದಲ್ಲೇ 30-20ರಿಂದ ಸೋಲಿಸಿದಾಗ ಜನ ಇವರ ಕಡೆ ತಿರುಗಿ ನೋಡಿದರು. ನವೆಂಬರ್ 8ರಂದು ಪೆನ್ ಸ್ಟೇಟ್ ಎದುರು ಎಲ್ಲ ಕೈತಪ್ಪಿ ಹೋಗುವುದರಲ್ಲಿತ್ತು. ಆ ಸೀಸನ್ನಿನಲ್ಲಿ ಅಲ್ಲಿಯ ತನಕ ಪೆನ್ ಸ್ಟೇಟ್ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಆದರೂ ಕೊನೆಯ ನಿಮಿಷದಲ್ಲಿ 24-20ರಿಂದ ಮುಂದಿತ್ತು. ಆಟ ಮುಗಿಯಲು 36 ಸೆಕೆಂಡ್ ಇರುವಾಗ ಓಮರ್ ಕೂಪರ್ ಅನ್ನುವ ಆಟಗಾರ ಎಂಡ್ ಝೋನಿನ ಹಿಂಗೆರೆಯ ಹತ್ತಿರ ಮೇಲೆ ಹಾರಿ ಚೆಂಡು ಹಿಡಿದ. ಕೆಳಗೆ ಬರುವಾಗ ಒಂದು ಕಾಲಿನ ತುದಿ ಗೆರೆಯೊಳಗೆ ತಾಗಿತು. ಕಾಲೇಜು ಆಟದಲ್ಲಿ ಒಂದು ಕಾಲು ತಾಗಿದರೆ ಸಾಕು. 27-24. ಆ ಒಂದು ಬೆರಳಿನಷ್ಟು ಜಾಗ ಇಲ್ಲದಿದ್ದರೆ 16-0 ಅನ್ನುವ ಮೆಸೇಜು ಗೋಣಿಕೊಪ್ಪಕ್ಕೆ ಬರುತ್ತಿರಲಿಲ್ಲ.

ಬಾವಿಯ ಬಕೆಟ್

ಹನ್ನೆರಡನೇ ಪಂದ್ಯ ಅದೇ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದ ಜೊತೆ. ಅಮೆರಿಕದಲ್ಲಿ ಹೆಚ್ಚಿನ ಕಾಲೇಜುಗಳಿಗೆ ಹೀಗೊಂದು ಹಳೇ ಎದುರಾಳಿ ಇರುತ್ತದೆ. ವರ್ಷವಿಡೀ ಸೋತರೂ ಪರವಾಗಿಲ್ಲ, ಇವರ ಎದುರು ಸೋಲಬಾರದು ಅನ್ನುವ ಜಿದ್ದು.

ಇಂಡಿಯಾನಾ ಮತ್ತು ಪರ್ಡ್ಯೂ ನಡುವೆ ಗೆದ್ದವರಿಗೆ ಸಿಗುವುದು ಬೆಳ್ಳಿ ಕಪ್ಪಲ್ಲ. ಬಾವಿಯಿಂದ ನೀರು ಸೇದುವ ಹಳೇ ಓಕ್ ಮರದ ಬಕೆಟ್ಟು. 1925ರಿಂದ ಇದೇ ಟ್ರೋಫಿ. ಪ್ರತಿ ವರ್ಷ ಗೆದ್ದವರ ಅಕ್ಷರದ ಒಂದು ಕೊಂಡಿಯನ್ನು ಅದರ ಸರಪಳಿಗೆ ಸೇರಿಸುತ್ತಾರೆ, ಇಂಡಿಯಾನಾ ಗೆದ್ದರೆ ಐ, ಪರ್ಡ್ಯೂ ಗೆದ್ದರೆ ಪಿ. ಮೊದಲ ವರ್ಷದ ಪಂದ್ಯ 0-0 ಸಮ ಆಗಿತ್ತು. ಹಾಗಾಗಿ ಮೊದಲ ಕೊಂಡಿಯಲ್ಲಿ ಎರಡೂ ಅಕ್ಷರ ಇವೆ. 2025ರಲ್ಲಿ ಇಂಡಿಯಾನಾ 56-3ರಿಂದ ಗೆದ್ದಿತು. ಈ ಬಕೆಟ್ ವಿಷಯ ಹೇಳಿದಾಗ ದೊಡ್ಡಪ್ಪ ಕಾಫಿ ಹರಡುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

ಯಾರು ಮೇಲೆ, ಯಾರು ಕೆಳಗೆ: ರುಚಿ ನೋಡಿ ಹೇಳುವವರು

ಇಲ್ಲಿಗೆ ಒಂದು ತೊಡಕು ಬರುತ್ತದೆ. 136 ತಂಡ, ಒಬ್ಬೊಬ್ಬರಿಗೆ 12 ಪಂದ್ಯ. ಎಲ್ಲರೂ ಎಲ್ಲರ ಜೊತೆ ಆಡುವುದು ಸಾಧ್ಯವೇ ಇಲ್ಲ. ಸುಲಭದ ಎದುರಾಳಿಗಳನ್ನು ಸೋಲಿಸಿ 11-1 ಆದವರು ಮೇಲೋ, ಗಟ್ಟಿ ಎದುರಾಳಿಗಳ ಜೊತೆ ಆಡಿ 10-2 ಆದವರು ಮೇಲೋ?

ಇದನ್ನು ತೀರ್ಮಾನಿಸಲು 13 ಜನರ ಒಂದು ಸಮಿತಿ ಇದೆ. ನವೆಂಬರ್‌ನಿಂದ ವಾರಕ್ಕೊಮ್ಮೆ ಕೂತು ಮೊದಲ 25 ತಂಡಗಳ ಪಟ್ಟಿ ಕೊಡುತ್ತದೆ. ಕಾಫಿಯವರಿಗೆ ಇದು ಅರ್ಥವಾಗುತ್ತದೆ. ತಕ್ಕಡಿಯಲ್ಲಿ ಹಾಕಿದರೆ ತೂಕ ಎಷ್ಟು ಅಂತ ಯಾರು ಬೇಕಾದರೂ ಹೇಳಬಹುದು. ಕಪ್ಪಿನಲ್ಲಿ ರುಚಿ ನೋಡಿ ದರ್ಜೆ ಹೇಳಲು ಅದರಲ್ಲಿ ಪಳಗಿದವರು ಬೇಕು, ಅವರ ತೀರ್ಪಿನ ಬಗ್ಗೆ ತಕರಾರೂ ಇದ್ದೇ ಇರುತ್ತದೆ. ಸಮಿತಿಯ ಪಟ್ಟಿ ಬಂದ ದಿನ ಅಮೆರಿಕದಲ್ಲಿ ಜಗಳವೋ ಜಗಳ.

ಮೊದಲಂತೂ ಪರಿಸ್ಥಿತಿ ಇನ್ನೂ ವಿಚಿತ್ರವಾಗಿತ್ತು. ಬಹಳ ಕಾಲ ಪತ್ರಕರ್ತರು ಮತ ಹಾಕಿ ಚಾಂಪಿಯನ್ ಯಾರು ಅಂತ ಹೇಳುತ್ತಿದ್ದರು, ಫೈನಲ್ಲೇ ಇರಲಿಲ್ಲ. 1998ರಿಂದ ಮೊದಲ ಎರಡು ತಂಡಗಳ ನಡುವೆ ಫೈನಲ್ ಬಂತು. 2014ರಿಂದ ನಾಲ್ಕು ತಂಡಗಳ ಪ್ಲೇಆಫ್. 2024ರ ಸೀಸನ್ನಿಂದ ಅದು ಹನ್ನೆರಡು ತಂಡಕ್ಕೆ ಏರಿದೆ. ಇದರಲ್ಲಿ 5 ಜಾಗ ಕಾನ್ಫರೆನ್ಸ್ ಗೆದ್ದವರಿಗೆ ಮೀಸಲು, ಉಳಿದ 7 ಸಮಿತಿಯ ಪಟ್ಟಿಯಲ್ಲಿ ಮೇಲಿರುವವರಿಗೆ.

1 ಮತ್ತು 3

ಡಿಸೆಂಬರ್ 6ರಂದು ಬಿಗ್ ಟೆನ್ ಫೈನಲ್. ಎದುರಾಳಿ ಹಿಂದಿನ ವರ್ಷದ ದೇಶದ ಚಾಂಪಿಯನ್ ಒಹಾಯೊ ಸ್ಟೇಟ್. ಎರಡೂ ತಂಡಗಳು ಅಲ್ಲಿಯವರೆಗೆ 12-0. ಒಹಾಯೊ ಸ್ಟೇಟ್ ವಿರುದ್ಧ ಇಂಡಿಯಾನಾ 1988ರ ನಂತರ ಗೆದ್ದಿರಲೇ ಇಲ್ಲ. 13-10ರಿಂದ ಗೆದ್ದಿತು. ಸಮಿತಿ ಮೊದಲ ಸ್ಥಾನ ಕೊಟ್ಟಿತು.

ಮೊದಲ ನಾಲ್ಕು ಸ್ಥಾನದವರು ಪ್ಲೇಆಫ್‌ನ ಮೊದಲ ಸುತ್ತು ಆಡಬೇಕಿಲ್ಲ. ಹಾಕಿ ಟೂರ್ನಿಯಲ್ಲಿ ಬೈ ಸಿಗುತ್ತದಲ್ಲ, ಅದೇ. ಅದಕ್ಕೇ ಇಂಡಿಯಾನಾಗೆ ನಾಲ್ಕರ ಬದಲು ಮೂರೇ ಪಂದ್ಯ. ಜನವರಿ 1ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ ಅಲಬಾಮಾ ವಿರುದ್ಧ 38-3. ಆಮೇಲೆ ಅಟ್ಲಾಂಟಾದ ಪೀಚ್ ಬೌಲ್‌ನಲ್ಲಿ ಅದೇ ಆರೆಗನ್ ವಿರುದ್ಧ 56-22. ಬೌಲ್ ಅಂದರೆ ಬಟ್ಟಲು. ಹಳೇ ಕ್ರೀಡಾಂಗಣಗಳು ಬಟ್ಟಲಿನ ಆಕಾರದಲ್ಲಿದ್ದವು, ಅಲ್ಲಿ ನಡೆಯುವ ವಿಶೇಷ ಪಂದ್ಯಗಳಿಗೂ ಅದೇ ಹೆಸರು ನಿಂತಿತು.

ಫೈನಲ್ ಫ್ಲಾರಿಡಾದ ಮಯಾಮಿಯ ಹತ್ತಿರ, ಮಯಾಮಿ ವಿಶ್ವವಿದ್ಯಾಲಯದ ಎದುರು, ಅದೂ ಅವರು ಮಾಮೂಲಿಯಾಗಿ ಆಡುವ ಮೈದಾನದಲ್ಲೇ. ಅಲ್ಲಿ ಸೋಮವಾರ ರಾತ್ರಿ ಏಳೂವರೆ, ನಮಗೆ ಮಂಗಳವಾರ ಬೆಳಗ್ಗೆ ಆರು. ಮಂಜು ಇನ್ನೂ ತೋಟದಿಂದ ಎದ್ದಿರಲಿಲ್ಲ. ನಾನು ಬೆಲ್ಲದ ಕಾಫಿ ಹಿಡಿದು ಫೋನ್ ಮುಂದೆ ಕೂತಿದ್ದೆ.

ಆ ಪಂದ್ಯದ ಒಂದು ಗಳಿಗೆ ಹೇಳಿದರೆ ಈ ಆಟದ ಜೀವ ಎಲ್ಲಿದೆ ಅಂತ ತಿಳಿಯುತ್ತದೆ. ಕೊನೆಯ ಕಾಲು ಭಾಗ. ಇಂಡಿಯಾನಾ 17, ಮಯಾಮಿ 14. ಚೆಂಡು ಇಂಡಿಯಾನಾ ಕೈಲಿದೆ, ಗೋಲ್ ಗೆರೆಗೆ 12 ಗಜ. ಮೂರು ಡೌನ್ ಮುಗಿದಿದೆ, ಇನ್ನೂ 4 ಗಜ ಹೋಗಬೇಕು. ಇದು ಕೊನೆಯ ಪ್ರಯತ್ನ. ಒದ್ದರೆ ಹೆಚ್ಚುಕಮ್ಮಿ ಖಾತ್ರಿಯಾಗಿ 3 ಅಂಕ, 20-14. ಕೋಚ್ ಕರ್ಟ್ ಸಿಗ್ನೆಟಿ ಮೊದಲು ಒದೆಯುವ ಗುಂಪನ್ನೇ ಕಳಿಸಿದರು. ಆಮೇಲೆ ಟೈಮ್‌ಔಟ್ ತೆಗೆದುಕೊಂಡು ಮನಸ್ಸು ಬದಲಿಸಿದರು. ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ವಾಪಸ್ ಬಂದ. ಕ್ವಾರ್ಟರ್‌ಬ್ಯಾಕ್ ಅಂದರೆ ಪ್ರತಿ ಡೌನಿನಲ್ಲೂ ಚೆಂಡು ಮೊದಲು ಯಾರ ಕೈಗೆ ಬರುತ್ತದೋ ಅವನು. ಸಾಮಾನ್ಯವಾಗಿ ಅವನು ಎಸೆಯುತ್ತಾನೆ. ಎಲ್ಲರೂ ಅದನ್ನೇ ಕಾಯುತ್ತಿದ್ದರು. ಅವನು ಚೆಂಡು ಅಪ್ಪಿಕೊಂಡು ನಡುವಿನಲ್ಲೇ ನುಗ್ಗಿದ. ಒಬ್ಬ ಹೊಡೆದ, ವಾಲಿದ, ಇನ್ನೊಬ್ಬನಿಗೆ ತಗುಲಿ ಗಿರಕಿ ಹೊಡೆದು ಗೆರೆಯ ಮೇಲೆ ಮೈ ಚೆಲ್ಲಿದ. ಟಚ್‌ಡೌನ್. 24-14.

ಮಯಾಮಿ ಮತ್ತೆ ಹತ್ತಿರ ಬಂತು. ಕೊನೆಗೆ 27-21. ಕೊನೆಯ ನಿಮಿಷದಲ್ಲಿ ಮಯಾಮಿ ಎಸೆದ ಚೆಂಡನ್ನು ಇಂಡಿಯಾನಾದ ಜಮಾರಿ ಶಾರ್ಪ್ ನಡುವೆ ಹಾರಿ ಹಿಡಿದಾಗ ಮುಗಿಯಿತು.

ಸೋಲುವ ತಂಡ ಗೆದ್ದದ್ದು ಹೇಗೆ

ಅಮೆರಿಕದವರಿಗೆ ಇದು ಯಾಕೆ ಇಷ್ಟು ದೊಡ್ಡ ಸುದ್ದಿ? 2023ರಲ್ಲಿ ಇಂಡಿಯಾನಾ 3-9. ಅದರ ಇತಿಹಾಸದಲ್ಲಿ 700ಕ್ಕೂ ಹೆಚ್ಚು ಸೋಲು. 2025ರ ಸೀಸನ್ ಶುರುವಾಗುವಾಗ ಮೇಲಿನ ದರ್ಜೆಯಲ್ಲಿ ಇವರಷ್ಟು ಸೋತವರು ಬೇರೆ ಇರಲಿಲ್ಲ. ಆ ಊರಲ್ಲಿ ಬಾಸ್ಕೆಟ್‌ಬಾಲಿಗೇ ಮರ್ಯಾದೆ. ಎರಡೇ ವರ್ಷದಲ್ಲಿ ತಿರುವು ಮುರುವಾಯಿತು.

ಒಂದು ಕಾರಣ ಹೊಸ ಕೋಚ್. ಸಿಗ್ನೆಟಿ 2023ರ ಕೊನೆಯಲ್ಲಿ, 62ರ ವಯಸ್ಸಿನಲ್ಲಿ, ಜೇಮ್ಸ್ ಮ್ಯಾಡಿಸನ್ ಅನ್ನುವ ಚಿಕ್ಕ ತಂಡದಿಂದ ಬಂದವರು. ಬರುವಾಗ ಅಲ್ಲಿನ ಹತ್ತಕ್ಕೂ ಹೆಚ್ಚು ಆಟಗಾರರು ಜೊತೆಗೇ ಬಂದರು.

ಹೀಗೆ ಬರಲು ಆದದ್ದೇ ಇನ್ನೊಂದು ಕಾರಣ. ಹಾಕಿ ನಮ್ಮೆಯಲ್ಲಿ ಎಷ್ಟೇ ಚೆನ್ನಾಗಿ ಆಡುವವನಾದರೂ ಅವನು ತನ್ನ ಒಕ್ಕದ, ಅಂದರೆ ಮನೆತನದ, ತಂಡದಲ್ಲೇ ಆಡಬೇಕು. ಈ ವರ್ಷ ಪಕ್ಕದ ಮನೆತನದ ತಂಡ ಚೆನ್ನಾಗಿದೆ ಅಂತ ಅಲ್ಲಿಗೆ ಹಾರಲು ಆಗುವುದಿಲ್ಲ. ಅಮೆರಿಕದ ಕಾಲೇಜು ಆಟವೂ ಹೆಚ್ಚುಕಮ್ಮಿ ಹಾಗೇ ಇತ್ತು. ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಹೊರಗೆ ಹೋಗಬೇಕೆನ್ನುವ ಆಟಗಾರರ ಹೆಸರು ಸೇರುವ ಪಟ್ಟಿ ಅದು. 2021ರಿಂದ ಸುಮ್ಮನೆ ಕೂರುವ ನಿಯಮವೂ ಸಡಿಲವಾಯಿತು. ಮೆಂಡೋಜಾ ಕೂಡ ಕ್ಯಾಲಿಫೋರ್ನಿಯಾದ ಇನ್ನೊಂದು ಕಾಲೇಜಿನಿಂದ ಬಂದವನೇ. ಅವನ ತಮ್ಮ ಆಲ್ಬರ್ಟೊ ಆಗಲೇ ಇಂಡಿಯಾನಾದಲ್ಲಿ ಇದ್ದ. ಅಣ್ಣ ಮುಖ್ಯ ಕ್ವಾರ್ಟರ್‌ಬ್ಯಾಕ್, ತಮ್ಮ ಅವನ ಬದಲಿ ಆಟಗಾರ. ಇಷ್ಟರ ಮಟ್ಟಿಗೆ ಒಕ್ಕದ ತಂಡದ ಹಾಗೇ ಅನ್ನಬಹುದು. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಆ ವರ್ಷ ಅಣ್ಣನಿಗೆ ಸಿಕ್ಕಿತು. ಇಂಡಿಯಾನಾಗೆ ಅದು ಮೊದಲನೆಯದು.

ಮೂರನೆಯದು ದುಡ್ಡು. 2021ರ ಜುಲೈವರೆಗೆ ಕಾಲೇಜು ಆಟಗಾರ ಜಾಹೀರಾತಿನಿಂದ ಒಂದು ಡಾಲರ್ ಕೂಡ ಪಡೆಯುವ ಹಾಗಿರಲಿಲ್ಲ. ಈಗ ಪಡೆಯಬಹುದು. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷಕ್ಕೆ ಮಿತಿ, ಒಂದು ಕಾಲೇಜಿನ ಎಲ್ಲ ಆಟಗಳೂ ಸೇರಿ, ಸುಮಾರು 2 ಕೋಟಿ 5 ಲಕ್ಷ ಡಾಲರ್. ಇಷ್ಟು ದುಡ್ಡಿನ ದೊಡ್ಡ ಪಾಲು ಬರುವುದು ಟಿವಿ ಚಾನೆಲ್‌ಗಳಿಂದ. ಇದರಿಂದ ಆಟ ಕೆಟ್ಟಿತು ಅನ್ನುವವರೂ ಇದ್ದಾರೆ, ಆಡುವ ಹುಡುಗರಿಗೆ ಸಲ್ಲಬೇಕಾದದ್ದು ಈಗ ಸಲ್ಲುತ್ತಿದೆ ಅನ್ನುವವರೂ ಇದ್ದಾರೆ.

ಮುಗಿಯುವ ಮೊದಲೇ ಮುಂದಿನದು

"ಹಾಗಾದರೆ ಇನ್ನು ಸೆಪ್ಟೆಂಬರ್ ತನಕ ಏನೂ ಇಲ್ವಾ?" ಅಂತ ದೊಡ್ಡಪ್ಪ ಕೇಳಿದರು.

ಆಟ ಇಲ್ಲ, ಓಡಾಟ ಇದೆ. ಈ ಸಲ ಆಟಗಾರರು ಕಾಲೇಜು ಬದಲಿಸುವ ಅವಧಿ ಇದ್ದದ್ದು ಜನವರಿ 2ರಿಂದ 16ರವರೆಗೆ. ಫೈನಲ್ ನಡೆದದ್ದು 19ಕ್ಕೆ. ಅಂದರೆ ಕಪ್ ಗೆಲ್ಲುವ ಮೊದಲೇ ಮುಂದಿನ ವರ್ಷದ ತಂಡ ಕಟ್ಟುವ ಕೆಲಸ ಶುರುವಾಗಿತ್ತು. ಇಲ್ಲಿ ಕಣದಲ್ಲಿ ಹಣ್ಣು ಒಣಗುತ್ತಿರುವಾಗಲೇ ಮುಂದಿನ ಹೂಮಳೆಯ ಚಿಂತೆ ಹತ್ತುತ್ತದಲ್ಲ, ಹಾಗೆ.

ದೊಡ್ಡಪ್ಪ ಫೋನ್ ನನ್ನ ಕೈಗೆ ಕೊಟ್ಟು, ಮೊಮ್ಮಗಳಿಗೆ ಉತ್ತರ ಟೈಪ್ ಮಾಡು ಎಂದರು. ಅಭಿನಂದನೆ ಅಂತ ಬರೆದೆ. "ಅದು ಇರಲಿ," ಅಂದರು. "ಆ ಬಾವಿ ಬಕೆಟಿನ ಫೋಟೊ ಇದ್ದರೆ ಕಳಿಸು ಅಂತ ಬರಿ."